ಹೆಂಡತಿಗೆ ಮಾತ್ರ ಆರೋಗ್ಯ ವಿಮೆ ಬೇಕು, ಬಿಪಿ ಇದೆ, ಬಜೆಟ್ ಕಡಿಮೆ: ಏನು ಮಾಡಬಹುದು?

ಪ್ರಶ್ನೆ: ನಮ್ಮದು ಅಂಕೋಲಾ. ನನಗೆ 49 ವರ್ಷ, ಗೋವಾದ ವೆರ್ಣಾದಲ್ಲಿ ಖಾಸಗಿ ಕಂಪನಿಯಲ್ಲಿ ಕೆಲಸ, ಸಂಬಳ 34 ಸಾವಿರ. ಕಂಪನಿಯ ವಿಮೆ ನನಗೊಬ್ಬನಿಗೇ ಇದೆ. ಹೆಂಡತಿಗೆ 43, ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಎರಡು ವರ್ಷದಿಂದ ಬಿಪಿ ಮಾತ್ರೆ ತಗೊಳ್ತಾಳೆ, ಥೈರಾಯ್ಡ್ ಕೂಡ ಇದೆ. ನಮ್ಮದು ಎಪಿಎಲ್ ಕಾರ್ಡ್. ಏಜೆಂಟ್ ಒಬ್ಬರು ಇಬ್ಬರಿಗೂ ಸೇರಿಸಿ 10 ಲಕ್ಷದ ಫ್ಯಾಮಿಲಿ ಫ್ಲೋಟರ್ (ಒಂದೇ ಮೊತ್ತವನ್ನು ಇಬ್ಬರೂ ಹಂಚಿಕೊಳ್ಳುವ ಪಾಲಿಸಿ) ಮಾಡಿಸಿ ಅಂತಿದ್ದಾರೆ, ಅದು ನಮಗೆ ಭಾರ. ಬಿಪಿ ವಿಷಯ ಫಾರ್ಮಿನಲ್ಲಿ ಬರೆಯೋದು ಬೇಡ ಅಂತಲೂ ಹೇಳಿದರು. ತಿಂಗಳಿಗೆ ಸಾವಿರ, ಜಾಸ್ತಿ ಅಂದರೆ ಒಂದೂವರೆ ಸಾವಿರ ಕಟ್ಟಬಲ್ಲೆ. ಯಾವುದು ಒಳ್ಳೆಯದು?

ಉತ್ತರ: ಮೊದಲು ಬಿಪಿ ವಿಷಯ. ಬರೆಯಿರಿ. ಥೈರಾಯ್ಡ್ ಕೂಡ ಬರೆಯಿರಿ, ಮಾತ್ರೆಯ ಹೆಸರು, ಡೋಸ್, ಯಾವ ವರ್ಷದಿಂದ ಅನ್ನೋದನ್ನೂ ಬರೆಯಿರಿ. ಹಾಗೆ ಸಲಹೆ ಕೊಟ್ಟ ಏಜೆಂಟ್ ಕೈಯಲ್ಲಿ ಪಾಲಿಸಿ ಮಾಡಿಸಬೇಡಿ.

ಯಾಕೆ ಇಷ್ಟು ಖಡಾಖಂಡಿತವಾಗಿ ಹೇಳ್ತೀನಿ ಅಂದರೆ, ಮುಚ್ಚಿಟ್ಟ ಬಿಪಿ ಯಾವಾಗ ಹೊರಗೆ ಬರುತ್ತದೆ ಅನ್ನೋದು ನಿಮಗೆ ಗೊತ್ತಿರಬೇಕು. ಅಡ್ಮಿಟ್ ಆದಾಗ ಡಾಕ್ಟರ್ ಕೇಳುವ ಮೊದಲ ಪ್ರಶ್ನೆಯೇ ಅದು, ಬಿಪಿ ಶುಗರ್ ಇದೆಯಾ, ಎಷ್ಟು ವರ್ಷದಿಂದ ಅಂತ. ನಿಮ್ಮ ಹೆಂಡತಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ, ಹೇಳಲೇಬೇಕು, ಇಲ್ಲದಿದ್ದರೆ ಅರಿವಳಿಕೆ ಕೊಡುವವರಿಗೇ ತೊಂದರೆ. ಅದು ಕೇಸ್ ಶೀಟಿನಲ್ಲಿ ದಾಖಲಾಗುತ್ತದೆ. ವಿಮಾ ಕಂಪನಿಯವರು ಆ ಕೇಸ್ ಶೀಟನ್ನು ನಿಮ್ಮ ಅರ್ಜಿಯ ಪಕ್ಕ ಇಟ್ಟು ನೋಡುತ್ತಾರೆ. ಹೃದಯದ ತೊಂದರೆಯೋ ಪಾರ್ಶ್ವವಾಯುವೋ ಆಗಿದ್ದರೆ, ದುಡ್ಡು ಬಹಳ ಬೇಕಾದ ಆ ಹೊತ್ತಿಗೇ ಕ್ಲೇಮ್ ತಿರಸ್ಕಾರ, ಪಾಲಿಸಿಯೂ ರದ್ದಾಗಬಹುದು. ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ ಹಳೆಯ ವಿಷಯ ಎತ್ತಿ ತಿರಸ್ಕರಿಸುವಂತಿಲ್ಲ ಎಂಬ ನಿಯಮ ಇದೆ ನಿಜ, ಆದರೆ ವಂಚನೆ ಎಂದು ಸಾಬೀತಾದರೆ ಆ ರಕ್ಷಣೆ ಇಲ್ಲ. ಬೇಕಂತಲೇ ಮುಚ್ಚಿಟ್ಟರೆ ಅದನ್ನೇ ವಂಚನೆ ಎಂದು ವಾದಿಸುತ್ತಾರೆ.

ಬರೆದರೆ ಏನಾಗುತ್ತದೆ? ಮಾತ್ರೆಯಲ್ಲಿ ಹತೋಟಿಯಲ್ಲಿರುವ ಬಿಪಿ, ಥೈರಾಯ್ಡ್ ಇರುವವರಿಗೆ ಹೆಚ್ಚಿನ ಕಂಪನಿಗಳು ಪಾಲಿಸಿ ಕೊಡುತ್ತವೆ. ಕೆಲವರು ರಕ್ತ ಪರೀಕ್ಷೆ, ಇಸಿಜಿ ಕೇಳಬಹುದು, ಕೆಲವರು ಪ್ರೀಮಿಯಂ ಸ್ವಲ್ಪ ಏರಿಸಬಹುದು. ಆ ಕಾಯಿಲೆಗೆ ಸಂಬಂಧಪಟ್ಟ ಚಿಕಿತ್ಸೆಗೆ ಕಾಯುವ ಅವಧಿ ಇರುತ್ತದೆ, ಅದು ಮುಗಿಯುವ ತನಕ ಆ ಚಿಕಿತ್ಸೆಗೆ ದುಡ್ಡು ಬರುವುದಿಲ್ಲ. ಮೊದಲು ಅದು 4 ವರ್ಷದ ತನಕ ಹೋಗುತ್ತಿತ್ತು, 2024ರ ಏಪ್ರಿಲ್‌ನಿಂದ ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) ಅದನ್ನು ಗರಿಷ್ಠ 3 ವರ್ಷಕ್ಕೆ ಇಳಿಸಿದೆ. ಸ್ವಲ್ಪ ಹೆಚ್ಚು ಕಟ್ಟಿದರೆ ಅದನ್ನು ಇನ್ನೂ ಕಡಿಮೆ ಮಾಡಿಕೊಡುವ ಪಾಲಿಸಿಗಳೂ ಇವೆ. 43ಕ್ಕೆ ಶುರು ಮಾಡಿದರೆ 46ಕ್ಕೆ ಎಲ್ಲಕ್ಕೂ ರಕ್ಷಣೆ ಸಿಗುತ್ತದೆ. 50ಕ್ಕೆ ಮಾಡಿದರಾಯ್ತು ಎಂದು ಬಿಟ್ಟರೆ 53. ಅಷ್ಟರಲ್ಲಿ ಶುಗರ್ ಕೂಡ ಬಂದು ಕೂತಿದ್ದರೆ ಪಾಲಿಸಿ ಸಿಗುವುದೇ ಕಷ್ಟ. ಕಡಿಮೆ ಮೊತ್ತದ್ದಾದರೂ ಸರಿ, ಈ ವರ್ಷವೇ ಶುರು ಮಾಡಿ.

ಈಗ ಫ್ಲೋಟರ್ ಪ್ರಶ್ನೆ. ಫ್ಲೋಟರಿನಲ್ಲಿ ಪ್ರೀಮಿಯಂ ಲೆಕ್ಕ ಹಾಕುವುದು ಸಾಮಾನ್ಯವಾಗಿ ಗುಂಪಿನಲ್ಲಿ ಹಿರಿಯರ ವಯಸ್ಸಿನ ಮೇಲೆ. ಇಲ್ಲಿ ಹಿರಿಯರು ನೀವು, ನಿಮಗೆ ಈಗಾಗಲೇ ಕಂಪನಿ ವಿಮೆ ಇದೆ. ಅಂದರೆ ಸದ್ಯಕ್ಕೆ ವಿಮೆ ಬೇಕಿಲ್ಲದ ವ್ಯಕ್ತಿಯ ವಯಸ್ಸಿಗೆ ದುಡ್ಡು ಕಟ್ಟಿದ ಹಾಗಾಗುತ್ತದೆ, ಅಲ್ವಾ? ಹೆಂಡತಿಯ ಹೆಸರಿನಲ್ಲೇ ಪ್ರತ್ಯೇಕ ಪಾಲಿಸಿ ಮಾಡಿಸಿ. 43ರ ಲೆಕ್ಕದಲ್ಲಿ ಬೆಲೆ ಕಡಿಮೆ ಬೀಳುತ್ತದೆ, ಮೊತ್ತ ಪೂರ್ತಿ ಅವರದ್ದೇ ಆಗಿರುತ್ತದೆ, ನೀವು ಕೆಲಸ ಬಿಟ್ಟರೂ ಬದಲಿಸಿದರೂ ಅವರ ಪಾಲಿಸಿಗೆ ಏನೂ ಆಗುವುದಿಲ್ಲ.

ಆದರೆ ಅದಕ್ಕೂ ಮುಂಚೆ ನಿಮ್ಮ ಕಂಪನಿಯ ಎಚ್‌ಆರ್ ಹತ್ತಿರ ಒಂದು ಮಾತು ಬರವಣಿಗೆಯಲ್ಲೇ ಕೇಳಿ: ನಾನೇ ದುಡ್ಡು ಕಟ್ಟಿದರೆ ಮುಂದಿನ ನವೀಕರಣದಲ್ಲಿ ಹೆಂಡತಿಯನ್ನು ಸೇರಿಸಬಹುದಾ? ಎಷ್ಟೋ ಕಂಪನಿಗಳಲ್ಲಿ ಸಂಬಳದಿಂದ ಕಡಿತ ಮಾಡಿ ಸೇರಿಸುವ ಅವಕಾಶ ಇರುತ್ತದೆ, ಯಾರೂ ಕೇಳದೆ ಹಾಗೇ ಬಿದ್ದಿರುತ್ತದೆ. ಕಂಪನಿ ಮಾಡಿಸುವ ಇಂಥ ಗುಂಪು ವಿಮೆಯಲ್ಲಿ ಸಾಮಾನ್ಯವಾಗಿ ಹಳೆಯ ಕಾಯಿಲೆಗೂ ಮೊದಲ ದಿನದಿಂದ ರಕ್ಷಣೆ ಸಿಗುತ್ತದೆ, ಬಿಪಿ ಇರುವವರಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಅದು ಸಿಕ್ಕರೂ ಅವರ ಹೆಸರಿನ ಪಾಲಿಸಿ ಬಿಡಬೇಡಿ. ನೌಕರಿಯ ಜೊತೆ ಬಂದದ್ದು ನೌಕರಿಯ ಜೊತೆಗೇ ಹೋಗುತ್ತದೆ.

ಸರ್ಕಾರದ ಕಡೆಯಿಂದ ಏನು ಸಿಗುತ್ತದೆ ಅನ್ನೋದನ್ನೂ ನೋಡಿಬಿಡೋಣ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಉಚಿತ. ಎಪಿಎಲ್ ಆದ ನಿಮಗೆ, ಆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ 30 ಮಾತ್ರ ಸರ್ಕಾರ ಕೊಡುತ್ತದೆ, ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದ ಮಿತಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಸೌಲಭ್ಯ ಇಲ್ಲದಿದ್ದರೆ ರೆಫರಲ್ ಪಡೆದು ಮುಂದೆ ಹೋಗಬೇಕು. ತುರ್ತು ಚಿಕಿತ್ಸೆಗಳಿಗೆ ರೆಫರಲ್ ಬೇಡ. ಇದೊಂದನ್ನೇ ನಂಬಿ ಕೂರಲು ಆಗುವುದಿಲ್ಲ, ಆದರೆ ಕಾರ್ಡ್ ಮಾಡಿಸಿಡಿ. ಆಧಾರ್, ರೇಷನ್ ಕಾರ್ಡ್ ಇದ್ದರೆ ಸಾಕು.

ಸಹಕಾರ ಸಂಘದ ಸದಸ್ಯರಿಗಾಗಿ ಇರುವ ಸರ್ಕಾರದ ಆರೋಗ್ಯ ಯೋಜನೆ ಯಶಸ್ವಿನಿ ಬಗ್ಗೆ ನೀವು ಕೇಳಿಲ್ಲ, ಆದರೆ ಇದನ್ನು ಓದುವ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರಿಗಾಗಿ ಹೇಳಲೇಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅಡಿಕೆ ಬೆಳೆಯುವ ಮನೆ ಅಂದರೆ ಒಂದಲ್ಲ ಒಂದು ಸೊಸೈಟಿಯ ಸದಸ್ಯತ್ವ ಇದ್ದೇ ಇರುತ್ತದೆ. 2018ರಲ್ಲಿ ನಿಂತುಹೋಗಿದ್ದ ಯಶಸ್ವಿನಿ 2022ರಲ್ಲಿ ಮತ್ತೆ ಶುರುವಾಯಿತು. ಹಳ್ಳಿಯ ಸಹಕಾರ ಸಂಘದ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪಟ್ಟಣದ ಸಂಘಗಳಿಗೆ 1000, ರಕ್ಷಣೆ 5 ಲಕ್ಷದ ತನಕ. ಈ ಬೆಲೆಗೆ ಬೇರೆಲ್ಲೂ ಇಂಥದ್ದು ಸಿಗುವುದಿಲ್ಲ. ನೋಂದಣಿ ವರ್ಷದ ಕೊನೆಯ ಕೆಲವು ತಿಂಗಳು ಮಾತ್ರ ನಡೆಯುತ್ತದೆ, ಆ ಸಮಯದಲ್ಲಿ ಕೊಯ್ಲಿನ ಗಡಿಬಿಡಿಯಲ್ಲಿ ಬಹಳ ಜನ ಮರೆತುಬಿಡುತ್ತಾರೆ. ಸರ್ಕಾರಿ ನೌಕರರ ಕುಟುಂಬಕ್ಕೆ, ತಿಂಗಳಿಗೆ 30 ಸಾವಿರಕ್ಕಿಂತ ಜಾಸ್ತಿ ಸಂಬಳದ ಖಾಸಗಿ ನೌಕರರು ಇರುವ ಕುಟುಂಬಕ್ಕೆ ಇದು ಇಲ್ಲ. ಹಾಗಾಗಿ ನಿಮಗೆ ಈ ದಾರಿ ಮುಚ್ಚಿದೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಕೂಡ ಅಷ್ಟೇ, ಅದು 21 ಸಾವಿರದ ತನಕ ಸಂಬಳ ಇರುವವರಿಗೆ.

ಇನ್ನೊಂದು ಗೊಂದಲ ಈ ಕಡೆ ಬಹಳ ಇದೆ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ, 436 ರೂಪಾಯಿ ಕಡಿತವಾಗುತ್ತದಲ್ಲ, ಅದು ಆರೋಗ್ಯ ವಿಮೆ ಅಲ್ಲ. ಮೊದಲನೆಯದು ಅಪಘಾತ ವಿಮೆ, ಎರಡನೆಯದು ಜೀವ ವಿಮೆ. ಎರಡೂ ಇರಲಿ, ಆದರೆ ಆಸ್ಪತ್ರೆ ಬಿಲ್ಲಿಗೆ ಅವುಗಳಿಂದ ಒಂದು ಪೈಸೆಯೂ ಬರುವುದಿಲ್ಲ. ಬ್ಯಾಂಕುಗಳು ಖಾತೆದಾರರಿಗೆ ಎಂದು ಮಾರುವ ಅಗ್ಗದ ಗುಂಪು ಆರೋಗ್ಯ ವಿಮೆಗಳೂ ಇವೆ. ಬೆಲೆ ನೋಡಿದರೆ ಆಸೆ ಆಗುತ್ತದೆ. ಆದರೆ ಅಲ್ಲಿ ಒಪ್ಪಂದ ಇರುವುದು ಬ್ಯಾಂಕ್ ಮತ್ತು ವಿಮಾ ಕಂಪನಿಯ ನಡುವೆ, ನಾಳೆ ಅವರಿಬ್ಬರೂ ಷರತ್ತು ಬದಲಿಸಿದರೆ ನಿಮ್ಮ ಮಾತು ನಡೆಯುವುದಿಲ್ಲ. ಬಿಪಿ ಇರುವವರಿಗೆ ಅದು ಮುಖ್ಯ ವಿಮೆ ಆಗಬಾರದು.

ಹಾಗಾದರೆ ಯಾವುದನ್ನು ತಗೊಳ್ಳಬೇಕು? ನಾನು ಎರಡು ದಾರಿ ಹೇಳ್ತೀನಿ.

ಒಂದು, 5 ಲಕ್ಷದ ಸಾಮಾನ್ಯ ವೈಯಕ್ತಿಕ ಪಾಲಿಸಿ, ರೂಮ್ ಬಾಡಿಗೆಗೆ ಮಿತಿ ಇಲ್ಲದ್ದು ಅಥವಾ ಒಬ್ಬರ ಖಾಸಗಿ ರೂಮಿನ ತನಕ ಕೊಡುವಂಥದ್ದು, ಕೋ-ಪೇ (ಪ್ರತಿ ಬಿಲ್ಲಿನಲ್ಲಿ ಇಂತಿಷ್ಟು ಪಾಲು ನೀವೇ ಕೊಡುವ ಷರತ್ತು) ಇಲ್ಲದ್ದು. 43 ವರ್ಷದವರಿಗೆ ಇದು ಸಾಮಾನ್ಯವಾಗಿ ನಿಮ್ಮ ಬಜೆಟ್ಟಿನೊಳಗೇ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18 ಜಿಎಸ್‌ಟಿ ಪೂರ್ತಿ ಹೋಗಿದೆ, ಏಜೆಂಟ್ ಕೊಟ್ಟ ಚೀಟಿಯಲ್ಲಿ ಜಿಎಸ್‌ಟಿ ಸೇರಿಸಿದ್ದರೆ ಅದು ಹಳೆಯ ಲೆಕ್ಕ. ಸರ್ಕಾರಿ ಕಂಪನಿಗಳಾದ ನ್ಯೂ ಇಂಡಿಯಾ, ನ್ಯಾಷನಲ್, ಯುನೈಟೆಡ್ ಇಂಡಿಯಾ, ಓರಿಯೆಂಟಲ್ ದರಗಳನ್ನೂ, ಖಾಸಗಿಯವರಲ್ಲಿ ಮೂರ್ನಾಲ್ಕು ದರಗಳನ್ನೂ ಕೇಳಿ. ಕೇಳುವಾಗ ಬಿಪಿ, ಥೈರಾಯ್ಡ್ ಹೇಳಿಯೇ ಕೇಳಿ, ಇಲ್ಲದಿದ್ದರೆ ಆ ದರ ಸುಮ್ನೆ ಕಾಗದದ ಮೇಲಿನದು.

ಎರಡು, ಮೊದಲನೆಯದು ಬಿಪಿ ಕಾರಣಕ್ಕೆ ದುಬಾರಿಯಾದರೆ, ಆರೋಗ್ಯ ಸಂಜೀವನಿ 5 ಲಕ್ಷದ್ದು, ಅದರ ಮೇಲೊಂದು ಸೂಪರ್ ಟಾಪ್-ಅಪ್ (ಅದೇನು ಅಂತ ಮುಂದೆ ಹೇಳ್ತೀನಿ). ಆರೋಗ್ಯ ಸಂಜೀವನಿ 2020ರ ಏಪ್ರಿಲ್‌ನಲ್ಲಿ ಬಂದ ಪ್ರಮಾಣಿತ ಪಾಲಿಸಿ. ಯಾವ ಕಂಪನಿಯಲ್ಲಿ ತಗೊಂಡರೂ ಷರತ್ತು ಒಂದೇ, ಬೆಲೆ ಮಾತ್ರ ಬೇರೆ. ಹಾಗಾಗಿ ಇಲ್ಲಿ ಬೆಲೆ, ಆಸ್ಪತ್ರೆ ಪಟ್ಟಿ, ಕ್ಲೇಮ್ ಸೇವೆ ನೋಡಿದರೆ ಮುಗಿಯಿತು. ಇದರ ಕೊರತೆಗಳು ಸ್ಪಷ್ಟ: ಪ್ರತಿ ಕ್ಲೇಮಿನಲ್ಲಿ ಶೇ 5 ನಿಮ್ಮ ಕೈಯಿಂದ, ರೂಮ್ ಬಾಡಿಗೆ ವಿಮಾ ಮೊತ್ತದ ಶೇ 2, ದಿನಕ್ಕೆ ಗರಿಷ್ಠ 5,000. ಐಸಿಯುಗೆ ದಿನಕ್ಕೆ ಗರಿಷ್ಠ 10,000. ಆಂಬುಲೆನ್ಸಿಗೆ 2,000, ಅಂಕೋಲಾದಿಂದ ಮಣಿಪಾಲಕ್ಕೆ ಖಾಸಗಿ ಆಂಬುಲೆನ್ಸ್ ಮಾಡಿದರೆ ಅದು ಯಾವ ಮೂಲೆಗೂ ಸಾಲದು.

ಈ ರೂಮ್ ಬಾಡಿಗೆಯ ಮಿತಿ ಜನ ತಿಳಿದಷ್ಟು ಸಣ್ಣ ವಿಷಯವಲ್ಲ. ಮಿತಿ 5,000 ಇದ್ದು ನೀವು 8,000ದ ರೂಮ್ ತಗೊಂಡರೆ ವ್ಯತ್ಯಾಸದ 3,000 ಮಾತ್ರ ನಿಮ್ಮ ಮೇಲೆ ಬೀಳುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಡಾಕ್ಟರ್ ಫೀ, ಆಪರೇಷನ್ ಥಿಯೇಟರ್, ನರ್ಸಿಂಗ್ ಖರ್ಚುಗಳನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಾರೆ. ಲೆಕ್ಕ ನೋಡಿ: ನಾಲ್ಕು ದಿನ ಅಡ್ಮಿಟ್, ಇಂಥ ಖರ್ಚುಗಳ ಮೊತ್ತ 1,60,000. ಐದಕ್ಕೆ ಎಂಟರ ಲೆಕ್ಕದಲ್ಲಿ ಕಂಪನಿ ಪರಿಗಣಿಸುವುದು 1,00,000 ಮಾತ್ರ. ಅಲ್ಲಿಗೆ 60,000 ಹೋಯಿತು, ಬಾಡಿಗೆ ವ್ಯತ್ಯಾಸ 12,000, ಒಟ್ಟು 72,000 ನಿಮ್ಮ ಜೇಬಿನಿಂದ, ಕೋ-ಪೇ ಬೇರೆ. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳ ಖರ್ಚಿಗೆ ಈ ಕಡಿತ ಇಲ್ಲ. ಸಂಜೀವನಿ ತಗೊಂಡರೆ ಅಡ್ಮಿಟ್ ಆಗುವಾಗಲೇ ಕೌಂಟರಿನಲ್ಲಿ 5,000ದೊಳಗಿನ ರೂಮ್ ಕೊಡಿ ಎಂದು ಹೇಳಿ, ಅದು ಸಿಗದಿದ್ದರೆ ವಾರ್ಡೇ ಸಾಕು. ಇದನ್ನು ಪಾಲಿಸಿದರೆ ಸಂಜೀವನಿ ಕೆಟ್ಟ ಪಾಲಿಸಿ ಅಲ್ಲವೇ ಅಲ್ಲ.

ಸೂಪರ್ ಟಾಪ್-ಅಪ್ ಅಂದರೆ ಇಂತಿಷ್ಟು ಲಕ್ಷದ ತನಕ ನೀವು ನೋಡಿಕೊಳ್ಳಿ, ಮೇಲಿನದ್ದು ನಾವು ಕೊಡ್ತೀವಿ ಎನ್ನುವ ವಿಮೆ. ಕೆಳಗಿನ ಖರ್ಚು ಅವರು ನೋಡುವುದಿಲ್ಲವಾದ್ದರಿಂದ ಬೆಲೆ ಬಹಳ ಕಡಿಮೆ. ಕೆಳಗಿನ 5 ಲಕ್ಷ ಇನ್ನೊಂದು ಪಾಲಿಸಿಯಿಂದ ಬರಬಹುದು, ಕೈಯಿಂದಲೂ ಬರಬಹುದು. ಹೆಸರಿನಲ್ಲಿ ‘ಸೂಪರ್’ ಇರುವುದನ್ನೇ ತಗೊಳ್ಳಿ. ಬರೀ ಟಾಪ್-ಅಪ್ ಪ್ರತಿ ಅಡ್ಮಿಶನ್ನನ್ನು ಬೇರೆಯಾಗಿ ನೋಡುತ್ತದೆ. ವರ್ಷದಲ್ಲಿ ಎರಡು ಸಲ 4 ಲಕ್ಷದ ಬಿಲ್ ಆದರೆ ಟಾಪ್-ಅಪ್ ಒಂದು ರೂಪಾಯಿಯೂ ಕೊಡುವುದಿಲ್ಲ, ಸೂಪರ್ ಟಾಪ್-ಅಪ್ ಎರಡನ್ನೂ ಕೂಡಿಸಿ 5 ಲಕ್ಷದ ಮೇಲಿನ 3 ಲಕ್ಷ ಕೊಡುತ್ತದೆ. ಇದಕ್ಕೂ ಬಿಪಿ ಘೋಷಿಸಬೇಕು, ಇದಕ್ಕೂ ಕಾಯುವ ಅವಧಿ ಇದೆ, ಹಾಗಾಗಿ ಎರಡನ್ನೂ ಒಟ್ಟಿಗೇ ಶುರು ಮಾಡಿ.

ಬಜೆಟ್ ಕಡಿಮೆ ಇದ್ದಾಗ ಮೊತ್ತ ತಗ್ಗಿಸಿ, ಷರತ್ತು ಕೆಡಿಸಿಕೊಳ್ಳಬೇಡಿ. ಶೇ 20 ಕೋ-ಪೇ ಇರುವ 10 ಲಕ್ಷದ ಪಾಲಿಸಿಗಿಂತ ಕೋ-ಪೇ ಇಲ್ಲದ 5 ಲಕ್ಷದ್ದು ನನಗೆ ಮೇಲು.

ಇನ್ನು ಉತ್ತರ ಕನ್ನಡದವರು ಮಾತ್ರ ಯೋಚಿಸಬೇಕಾದ ವಿಷಯಗಳು. ದೊಡ್ಡ ಕಾಯಿಲೆಗೆ ನಾವು ಜಿಲ್ಲೆ ಬಿಟ್ಟೇ ಹೋಗಬೇಕು. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಇದೆ, ಆದರೂ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಈ ಜಿಲ್ಲೆಯ ಜನ 2022ರಲ್ಲಿ ಎಷ್ಟು ಕೂಗಿದರು ಅನ್ನೋದು ನಿಮಗೆ ಗೊತ್ತೇ ಇದೆ. ಅಂಕೋಲಾದಿಂದ ದಕ್ಷಿಣಕ್ಕೆ ಮಣಿಪಾಲ, ಮಂಗಳೂರು, ಘಟ್ಟ ಹತ್ತಿದರೆ ಹುಬ್ಬಳ್ಳಿ, ಧಾರವಾಡ, ಉತ್ತರಕ್ಕೆ ಗೋವಾ. ಎತ್ತ ಹೋದರೂ ನೂರು ಕಿಲೋಮೀಟರ್ ದಾಟುತ್ತದೆ. ಪಾಲಿಸಿ ಆರಿಸುವಾಗ ಕಂಪನಿಯ ಜಾಹೀರಾತಿನಲ್ಲಿ ದೇಶದಲ್ಲಿ ಎಷ್ಟು ಸಾವಿರ ಆಸ್ಪತ್ರೆ ಇದೆ ಎಂದು ನೋಡಬೇಡಿ, ನೀವು ನಿಜವಾಗಿ ಹೋಗುವ ಆಸ್ಪತ್ರೆ ಇದೆಯಾ ನೋಡಿ. ಒಂದೇ ದಿಕ್ಕಿನದ್ದು ಸಾಲದು. 2024ರ ಜುಲೈ 16ರಂದು ನಿಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಬಂದಾಗಿದ್ದನ್ನು ನೀವು ಕಣ್ಣಾರೆ ಕಂಡವರು. ಮಳೆಗಾಲದಲ್ಲಿ ಒಂದು ರಸ್ತೆ ಮುಚ್ಚಿದರೆ ಇನ್ನೊಂದು ದಿಕ್ಕಿನಲ್ಲೂ ಕ್ಯಾಶ್‌ಲೆಸ್ (ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ ಸೌಲಭ್ಯ) ಸಿಗುವ ಆಸ್ಪತ್ರೆ ಇರಬೇಕು. ಕಂಪನಿಯ ಪಟ್ಟಿ ಹಳೆಯದಿರಬಹುದು, ಆಸ್ಪತ್ರೆಯ ವಿಮಾ ಕೌಂಟರಿಗೇ ಫೋನ್ ಮಾಡಿ ಈ ಕಂಪನಿ ನಡೆಯುತ್ತದಾ, ಬಿಲ್ ಪಾಸ್ ಆಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿ. ಅಲ್ಲಿ ಕೂತವರಿಗೆ ಗೊತ್ತಿರುವಷ್ಟು ಯಾವ ಏಜೆಂಟರಿಗೂ ಗೊತ್ತಿರುವುದಿಲ್ಲ.

ವಲಯದ ಷರತ್ತು ಇದೆಯಾ ಅಂತಲೂ ನೋಡಿ. ಬಹಳ ಕಂಪನಿಗಳು ಊರಿನ ವಿಳಾಸದ ಮೇಲೆ ದರ ನಿಗದಿ ಮಾಡುತ್ತವೆ. ಅಂಕೋಲಾ, ಕುಮಟಾ ವಿಳಾಸಕ್ಕೆ ಕಡಿಮೆ, ಮುಂಬೈಗೆ ಜಾಸ್ತಿ. ಕೆಲವು ಪಾಲಿಸಿಗಳಲ್ಲಿ ಅಗ್ಗದ ವಲಯದ ಪ್ರೀಮಿಯಂ ಕಟ್ಟಿ ದುಬಾರಿ ವಲಯದಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲು ನಾವೇ ಕೊಡಬೇಕು. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಮುಂಬೈಯಲ್ಲೋ ಬೆಂಗಳೂರಿನಲ್ಲೋ ನೆಂಟರಿದ್ದಾರೆ, ಕಷ್ಟ ಬಂದಾಗ ಅಲ್ಲಿಗೇ ಓಡುತ್ತೇವೆ. ಸಂಜೀವನಿಯಲ್ಲಿ ಈ ವಲಯದ ತಾಪತ್ರಯ ಇಲ್ಲ, ದೇಶಕ್ಕೆಲ್ಲ ಒಂದೇ ದರ.

ಕಾಯುವ ಅವಧಿ ಬಿಪಿಗೆ ಮಾತ್ರ ಅಲ್ಲ. ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಮೊದಲ 30 ದಿನ ದುಡ್ಡು ಬರುವುದಿಲ್ಲ. ಘಟ್ಟದ ಅಂಚಿನವರು ಮಳೆಗಾಲ ಮುಗಿದ ಮೇಲೆ ಹರಡುವ ಮಂಗನ ಕಾಯಿಲೆ ಪಕ್ಕದ ಊರಲ್ಲಿ ಬಂತೆಂದು ಕೇಳಿದ ಮೇಲೆ ವಿಮೆ ಮಾಡಿಸಲು ಹೊರಟರೆ ತಡವಾಗಿರುತ್ತದೆ, ಮಳೆಗಾಲದಲ್ಲೇ ಮಾಡಿಸಿಬಿಡಬೇಕು. ಹರ್ನಿಯಾ, ಕಿಡ್ನಿ ಕಲ್ಲು, ಪಿತ್ತಕೋಶದ ಕಲ್ಲು, ಕಣ್ಣಿನ ಪೊರೆ, ಗರ್ಭಕೋಶದ ಗಡ್ಡೆ ಇಂಥವಕ್ಕೆ ಸಾಮಾನ್ಯವಾಗಿ 2 ವರ್ಷ. ನಲವತ್ತು ದಾಟಿದ ಹೆಂಗಸರಿಗೆ ಈ ಕೊನೆಯದ್ದು ಬಹಳ ಮುಖ್ಯ. ಮುಟ್ಟಿನ ತೊಂದರೆಗೆ ಈಗಾಗಲೇ ಸ್ಕ್ಯಾನಿಂಗ್ ಆಗಿದ್ದರೆ ಅದನ್ನೂ ಅರ್ಜಿಯಲ್ಲಿ ಬರೆಯಬೇಕು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಫಾರ್ಮ್ ತುಂಬಿ.

ತೆರಿಗೆ ಲೆಕ್ಕ: ಹಳೆಯ ಪದ್ಧತಿಯಲ್ಲಿದ್ದರೆ ಹೆಂಡತಿಯ ಪ್ರೀಮಿಯಂ ನೀವು ಕಟ್ಟಿದರೂ ಅದನ್ನು 25,000ದ ತನಕ ನಿಮ್ಮ ಆದಾಯದಿಂದ ಕಳೆದು ತೋರಿಸಬಹುದು, ಪ್ರೀಮಿಯಂ ನಗದಾಗಿ ಕೊಡಬಾರದು. ಹೊಸ ಪದ್ಧತಿಯಲ್ಲಿ ಇಲ್ಲ.

ನಿಮ್ಮ ಬಗ್ಗೆಯೂ ಒಂದು ಮಾತು. ಕೆಲಸ ಬಿಡುವ ದಿನ ನಿಮ್ಮ ವಿಮೆ ನಿಲ್ಲುತ್ತದೆ. ಬಿಡುವ ಮುಂಚೆ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗ ಆಗಲು ಕೇಳಬಹುದು. ಅದಕ್ಕಿಂತ ಒಳ್ಳೆಯದೆಂದರೆ, ಕೈ ಸ್ವಲ್ಪ ಸಡಿಲವಾದ ಕೂಡಲೇ ನಿಮ್ಮ ಹೆಸರಿನಲ್ಲೂ ಒಂದು ಶುರು ಮಾಡುವುದು.

ಪಾಲಿಸಿ ಬಂದ ಮೇಲೆ 30 ದಿನ ಫ್ರೀ ಲುಕ್ ಸಮಯ ಇರುತ್ತದೆ. ಅಷ್ಟರೊಳಗೆ ಅರ್ಜಿಯ ಪ್ರತಿ ತೆಗೆದು, ನೀವು ಹೇಳಿದ ಕಾಯಿಲೆಗಳು ಅದರಲ್ಲಿ ಇವೆಯಾ ನೋಡಿ. ಏಜೆಂಟ್ ತುಂಬಿದ ಫಾರ್ಮಿನಲ್ಲಿ ಎಲ್ಲದಕ್ಕೂ ‘ಇಲ್ಲ’ ಎಂದು ಇದ್ದರೆ ತಿದ್ದುವಂತೆ ಕಂಪನಿಗೇ ಇಮೇಲ್ ಮಾಡಿ. ಷರತ್ತು ಹಿಡಿಸದಿದ್ದರೆ ವಾಪಸ್ ಕೊಡಬಹುದು. ಮುಂದೆ ಕಂಪನಿ ಸರಿಯಿಲ್ಲ ಅನ್ನಿಸಿದರೆ ನವೀಕರಣಕ್ಕೆ 45 ದಿನ ಮುಂಚೆ ಅರ್ಜಿ ಹಾಕಿ ಬೇರೆಡೆ ಪೋರ್ಟ್ ಮಾಡಿಸಬಹುದು, ಕಾದ ವರ್ಷಗಳು ವ್ಯರ್ಥ ಆಗುವುದಿಲ್ಲ. ಕ್ಲೇಮ್ ಅನ್ಯಾಯವಾಗಿ ತಿರಸ್ಕಾರವಾದರೆ ಮೊದಲು ಕಂಪನಿಗೆ ದೂರು ಕೊಡಿ, ಒಂದು ತಿಂಗಳಲ್ಲಿ ಸರಿಯಾಗದಿದ್ದರೆ ವಿಮೆಯ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಿರಿ. ಅದಕ್ಕೆ ವಕೀಲರೂ ಬೇಡ, ಫೀಸೂ ಇಲ್ಲ.

ನೀವು ವೆರ್ಣಾದಲ್ಲಿ ಇರುತ್ತೀರಿ, ಅವರು ಅಂಕೋಲಾದಲ್ಲಿ. ಆಸ್ಪತ್ರೆಗೆ ಹೋಗಬೇಕಾಗಿ ಬಂದಾಗ ನೀವು ಜೊತೆಗಿರುತ್ತೀರಿ ಎಂದು ಹೇಳಲು ಆಗುವುದಿಲ್ಲ. ಪಾಲಿಸಿ ಕಾರ್ಡಿನ ಫೋಟೋ, ಕಂಪನಿಯ ಸಹಾಯವಾಣಿ ಸಂಖ್ಯೆ ಅವರ ಫೋನಿನಲ್ಲಿ ಇರಲಿ, ಮಕ್ಕಳ ಫೋನಿನಲ್ಲೂ ಇರಲಿ. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್‌ಚಾರ್ಜ್ ಬಿಲ್ಲಿಗೆ ಮೂರು ಗಂಟೆಯೊಳಗೆ ಕಂಪನಿ ಉತ್ತರ ಕೊಡಬೇಕು ಎನ್ನುವ 2024ರ ನಿಯಮವನ್ನು ಅವರಿಗೂ ಹೇಳಿಕೊಡಿ, ಕೌಂಟರಿನಲ್ಲಿ ಕೇಳಲು ಧೈರ್ಯ ಬರುತ್ತದೆ. ಪಾಲಿಸಿ ಬಂದ ವಾರದಲ್ಲೇ ಅವರ ಫೋನಿನಿಂದ ಸಹಾಯವಾಣಿಗೆ ಒಂದು ಸಲ ಕರೆ ಮಾಡಿಸಿ, ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರಾ ನೋಡಿಕೊಳ್ಳಿ.